ಇಟಾಲಿಯನ್ ಕ್ರಿಯಾಪದವೂ ನಮ್ಮ ಪ್ರಸ್ತಾರವೂ

ಹನ್ನೊಂದು ವರ್ಷಗಳ ಹಿಂದಿನ ಮಾತು. ಬಿ.ಎ. ಮೊದಲ ವರ್ಷದ ತರಗತಿಗೆ ಛಂದಸ್ಸಿನ ಒಂದು ಕಿರುಪರೀಕ್ಷೆಯನ್ನು ಕೊಟ್ಟಿದ್ದೆ. ಕೆಲವು ಪದಗಳನ್ನು ಅಕ್ಷರಗಳಾಗಿ ಬಿಡಿಸಿ ಲಘು ಗುರುಗಳನ್ನು ಗುರುತಿಸಿರೆಂಬುದು ಪ್ರಶ್ನೆ. ಉತ್ತರಪತ್ರಿಕೆಗಳನ್ನು ತಿದ್ದುತ್ತಿರುವಾಗ ಒಬ್ಬ ಹುಡುಗಿ ‘ನಿಶ್ಶಬ್ದ’ ಎಂಬ ಪದವನ್ನು ‘ನಿಶ್-ಶಬ್-ದ’ ಎಂದು ಬಿಡಿಸಿರುವುದು ಕಣ್ಣಿಗೆ ಬಿದ್ದಿತು. ಗುರು, ಗುರು, ಲಘು ಎಂದು ಮೇಲೆ ಹಾಕಿದ ಗುರುತುಗಳೇನೋ ಸರಿಯಾಗಿಯೇ ಇದ್ದುವು. ಆದರೆ ಅಕ್ಷರ ವಿಭಾಗ ‘ನಿ-ಶ್ಶ-ಬ್ದ’ ಎಂದಾಗಬೇಕು. ಕೆಂಪು ಶಾಯಿಯಲ್ಲಿ ಗೆರೆಯೆಳೆದು ಅರ್ಧ ಅಂಕವನ್ನು ಕಳೆದೆ.

ಮರುದಿನ ಆಕೆ ತರಗತಿಯಲ್ಲಿ ಎದ್ದು ನಿಂತಳು. “ಸಾರ್, ಒತ್ತಕ್ಷರ ಇರುವುದು ಮುಂದಿನ ಅಕ್ಷರಕ್ಕೆ. ಭಾರ ಮಾತ್ರ ಹಿಂದಿನ ಅಕ್ಷರಕ್ಕೆ ಯಾಕೆ?” ಎಂದು ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕೆನೆಂದು ಕಾಣುತ್ತದೆ. “ಲಕ್ಷಣಗ್ರಂಥದಲ್ಲಿ ಹಾಗಿದೆಯಮ್ಮ, ಕುಳಿತುಕೋ” ಎಂದೆ. ನಾಗವರ್ಮನ ‘ಛಂದೋಂಬುಧಿ’ಯಿಂದ ಈಚೆಗೆ ಸಾವಿರ ವರ್ಷಗಳಿಂದ ಎಲ್ಲರೂ ಒಪ್ಪಿ ನಡೆದುಬಂದ ನಿಯಮಕ್ಕೆ ಕಾರಣ ಕೇಳುವ ಅಧಿಕಪ್ರಸಂಗವೇಕೆಂದು ಆಗ ನನಗೆ ಅನಿಸಿದ್ದು ನಿಜ. ಅದಕ್ಕಿಂತ ನಿಜವಾದ ಮಾತೆಂದರೆ, ಕಾರಣ ನನಗೂ ತಿಳಿದಿರಲಿಲ್ಲ.

ಆ ಪ್ರಶ್ನೆಗೆ ಉತ್ತರ ದೊರೆತದ್ದು ಕನ್ನಡದ ಪುಸ್ತಕದಲ್ಲಲ್ಲ, ಇಟಾಲಿಯನ್ ಭಾಷೆಯ ಕೆಲವು ಕ್ರಿಯಾಪದಗಳಲ್ಲಿ ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಇಟಾಲಿಯನ್ನಿಗೂ ನನಗೂ ಗಂಟು ಬಿದ್ದದ್ದು ದಾಂತೆಯ ದೆಸೆಯಿಂದ. ಆ ಮಹಾಕವಿಯ ಕಾವ್ಯವನ್ನು ಇಂಗ್ಲಿಷಿನ ಮೂಲಕ ಓದಿ ದಣಿದು, ಒಂದು ಸರ್ಗವನ್ನಾದರೂ ನೇರವಾಗಿ ಕನ್ನಡಕ್ಕೆ ತರಬೇಕೆಂಬ ಹುಚ್ಚು ಹಿಡಿದು, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಯಲ್ಲಿ ಒಂದು ವ್ಯಾಕರಣವನ್ನೂ ಒಂದು ಪುಟ್ಟ ನಿಘಂಟನ್ನೂ ಕೊಂಡು ತಂದೆ. ನಲವತ್ತರ ಹತ್ತಿರದಲ್ಲಿ ಹೊಸ ಭಾಷೆಯನ್ನು ಕಲಿಯಲು ಹೊರಟವನ ಪಾಡನ್ನು ವಿಸ್ತರಿಸುವುದಿಲ್ಲ. ಒಂದು ಸಂಜೆಯ ಕತೆಯನ್ನು ಮಾತ್ರ ಹೇಳುತ್ತೇನೆ.

ಪಾಠದಲ್ಲಿ ‘ತ್ರದೂಕೊ’ ಎಂಬ ಪದ ಬಂದಿತ್ತು. ‘ನಾನು ಅನುವಾದಿಸುತ್ತೇನೆ’ ಎಂದು ಅರ್ಥ. ನನ್ನ ಉದ್ದೇಶಕ್ಕೆ ಇದಕ್ಕಿಂತ ಶುಭಶಕುನ ಬೇಕೆ! ಇದರ ಮೂಲರೂಪವನ್ನು ನಿಘಂಟಿನಲ್ಲಿ ನೋಡೋಣವೆಂದು ಹುಡುಕಿದೆ. ಇಟಾಲಿಯನ್ನಿನಲ್ಲಿ ಕ್ರಿಯಾಪದದ ಮೂಲರೂಪ ‘ಆರೆ’, ‘ಎರೆ’, ‘ಈರೆ’ ಎಂಬ ಮೂರು ಬಗೆಯ ಕೊನೆಗಳಲ್ಲಿ ಒಂದನ್ನು ಪಡೆದಿರುತ್ತದೆಂದು ವ್ಯಾಕರಣ ಹೇಳಿತ್ತು. ‘ತ್ರದುಕಾರೆ’ ಇರಲಿಲ್ಲ. ‘ತ್ರದೂಚೆರೆ’ ಇರಲಿಲ್ಲ. ‘ತ್ರದುಚೀರೆ’ಯೂ ಇರಲಿಲ್ಲ. ಕೊಂಡ ನಿಘಂಟು ಕೆಲಸಕ್ಕೆ ಬಾರದ್ದೆಂದು ಬೈದು ಮಲಗಿದೆ. ಅದು ಅಲ್ಲಿಯೇ ಇತ್ತು, ಬೇರೆ ವೇಷದಲ್ಲಿ: ‘ತ್ರದುರ್ರೆ’.

‘ದುರ್ರೆ’ ಎಂದು ಮುಗಿಯುವ ಈ ಕುಟುಂಬ ದೊಡ್ಡದು. ಇವೆಲ್ಲಕ್ಕೂ ತಾಯಿ, ಲ್ಯಾಟಿನ್ನಿನ ‘ದೂಕೆರೆ’. ಒಯ್ಯು, ನಡೆಸು, ಮುನ್ನಡೆಸು ಎಂದು ಅರ್ಥ. ಹಿಂದೆ ಬರುವ ಉಪಸರ್ಗ ಬದಲಾದಂತೆ ಅರ್ಥವೂ ಬದಲಾಗುತ್ತದೆ. ಜೊತೆಯಲ್ಲಿ ಒಯ್ದರೆ ‘ಕೊಂದುರ್ರೆ’, ನಡೆಸುವುದು. (ನಮ್ಮ ಕಿವಿಗೆ ಇದು ಕೊಲೆಯ ಮಾತಿನಂತೆ ಕೇಳಿಸಿದರೆ ತಪ್ಪು ಇಟಾಲಿಯನ್ನರದಲ್ಲ.) ಮುಂದಕ್ಕೆ ಒಯ್ದರೆ ‘ಪ್ರೊದುರ್ರೆ’, ಉತ್ಪಾದಿಸುವುದು. ಹಿಂದಕ್ಕೆ ಒಯ್ದರೆ ‘ರಿದುರ್ರೆ’, ತಗ್ಗಿಸುವುದು. ಒಳಕ್ಕೆ ಕರೆದೊಯ್ದರೆ ‘ಇಂತ್ರೊದುರ್ರೆ’, ಪರಿಚಯಿಸುವುದು. ದಾರಿಯಿಂದ ಪಕ್ಕಕ್ಕೆ ಸೆಳೆದೊಯ್ದರೆ ‘ಸೆದುರ್ರೆ’. ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಚೆಯ ದಡಕ್ಕೆ ದಾಟಿಸಿದರೆ ‘ತ್ರದುರ್ರೆ’, ಅನುವಾದಿಸುವುದು. ಈ ಅರ್ಥದಲ್ಲಿ ಆ ಪದವನ್ನು ಬಳಕೆಗೆ ತಂದವನು 15ನೆಯ ಶತಮಾನದ ಆರಂಭದಲ್ಲಿದ್ದ ಫ್ಲಾರೆನ್ಸಿನ ಪಂಡಿತ ಲಿಯೊನಾರ್ದೊ ಬ್ರೂನಿ ಎಂದು ವಿದ್ವಾಂಸರು ಹೇಳುತ್ತಾರೆ. ನಮ್ಮ ‘ಅನುವಾದ’ಕ್ಕೆ ಒಬ್ಬರು ಹೇಳಿದ ಮೇಲೆ ಹೇಳುವುದೆಂಬ ಅರ್ಥವಿದೆ, ಅವರದು ದೋಣಿಗಾರನ ಕೆಲಸ. ಯಾವುದು ಹೆಚ್ಚು ಕಷ್ಟವೆಂದು ಎರಡನ್ನೂ ಮಾಡಿ ನೋಡಿದವರು ಹೇಳಬೇಕು.

ಸಂಸ್ಕೃತ ಬಲ್ಲವರಿಗೆ ಇಲ್ಲಿ ‘ನೀ’ ಧಾತು ನೆನಪಾಗದಿರದು. ಅದಕ್ಕೂ ಒಯ್ಯು, ನಡೆಸು ಎಂದೇ ಅರ್ಥ. ಗುರುವಿನ ಸಮೀಪಕ್ಕೆ ಒಯ್ಯುವುದು ಉಪನಯನ. ಅಗ್ನಿಯ ಸುತ್ತ ನಡೆಸುವುದು ಪರಿಣಯ. ಭಾವವನ್ನು ನೋಡುವವರ ಎದುರಿಗೆ ಒಯ್ಯುವುದು ಅಭಿನಯ. ಧಾತುಗಳು ಬೇರೆ ಬೇರೆ, ಒಂದೇ ಮೂಲದವಲ್ಲ. ಆದರೂ ಲ್ಯಾಟಿನ್ನಿನಲ್ಲಿ ‘ಹೆಂಡತಿಯನ್ನು ಒಯ್ಯು’ ಎಂದು ‘ದೂಕೆರೆ’ಯನ್ನೇ ಬಳಸಿ ಮದುವೆಯಾಗುವುದನ್ನು ಹೇಳುತ್ತಿದ್ದರು. ಎರಡು ನಾಡುಗಳ ಜನ ಮದುವೆಯನ್ನು ಕುರಿತು ಒಂದೇ ರೀತಿಯಲ್ಲಿ ಯೋಚಿಸಿದ್ದಾರೆ. ಹೆಂಗಸರನ್ನು ಕೇಳಿ ಯೋಚಿಸಿದ್ದಾರೆಯೆ ಎಂಬುದು ಬೇರೆ ಮಾತು.

ಇಷ್ಟು ಧಾತುವಿನ ವಿಚಾರವಾಯಿತು. ಧಾತು ಕಣ್ಣಿಗೆ, ಬುದ್ಧಿಗೆ ಸೇರಿದ್ದು. ನಾಲಿಗೆಗೆ ಬೇಕಾದದ್ದು ಇನ್ನೊಂದು ಬಗೆಯ ವಿಭಾಗ. ಅದನ್ನು ಇಟಾಲಿಯನ್ನರು ‘ಸಿಲ್ಲಬ’ ಎನ್ನುತ್ತಾರೆ. ಒಟ್ಟಿಗೆ ಹಿಡಿದದ್ದು ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಒಂದು ಉಸಿರಿನ ಮಿಡಿತದಲ್ಲಿ ಒಟ್ಟಿಗೆ ಹಿಡಿಯುವಷ್ಟು ಧ್ವನಿ. ನಾವು ಇದನ್ನು ಉಚ್ಚಾರಾಂಶವೆನ್ನೋಣ, ಅಕ್ಷರವೆಂದರೆ ತೊಡಕಾಗುತ್ತದೆ. ಏಕೆ ತೊಡಕೆಂಬುದು ಮುಂದೆ ತಿಳಿಯುತ್ತದೆ. ಇಟಲಿಯ ಮಕ್ಕಳು ಪ್ರಾಥಮಿಕ ಶಾಲೆಯಲ್ಲಿಯೇ ಪದಗಳನ್ನು ಉಚ್ಚಾರಾಂಶಗಳಾಗಿ ಒಡೆಯುವುದನ್ನು ಅಭ್ಯಾಸ ಮಾಡುತ್ತಾರೆ. ಬರೆಯುತ್ತಾ ಸಾಲು ಮುಗಿದು ಪದ ಉಳಿದರೆ ಎಲ್ಲಿ ಕತ್ತರಿಸಿ ಮುಂದಿನ ಸಾಲಿಗೆ ಹೋಗಬೇಕೆಂಬುದಕ್ಕೆ ಇದೇ ಆಧಾರ.

ನಿಯಮಗಳು ಸುಲಭ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ಸ್ವರಕ್ಕೆ ಸೇರುತ್ತದೆ: ತ್ರ-ದೂ-ಕೊ. ಒಂದೇ ವ್ಯಂಜನ ಇಮ್ಮಡಿಯಾಗಿದ್ದರೆ ನಡುವೆ ಸೀಳಬೇಕು: ತ್ರ-ದುರ್-ರೆ, ತ್ರ-ದೊತ್-ತೊ, ತ್ರ-ದುಸ್-ಸಿ. ಲಕಾರ, ರಕಾರ, ಅನುನಾಸಿಕಗಳ ಮುಂದೆ ಬೇರೊಂದು ವ್ಯಂಜನ ಬಂದರೆ ಅಲ್ಲಿಯೂ ಸೀಳು: ಕೊನ್-ದುರ್-ರೆ. ವ್ಯಂಜನದ ಬೆನ್ನಿಗೆ ರಕಾರವೋ ಲಕಾರವೋ ಹತ್ತಿದ್ದರೆ ಸೀಳುವಂತಿಲ್ಲ: ರಿ-ಪ್ರೊ-ದುರ್-ರೆ.

ಈಗ ‘ತ್ರ-ದೂ-ಕೊ’ವನ್ನು ನೋಡಿರಿ. ಧಾತು ‘ದೂಕ್’. ಉಚ್ಚಾರಾಂಶದ ಚೂರಿ ಆ ಧಾತುವನ್ನೇ ಕತ್ತರಿಸಿ ‘ದೂ’ವನ್ನು ಈಚೆಗೂ ‘ಕ್’ ಅನ್ನು ಆಚೆಗೂ ಎಸೆದಿದೆ. ಆಚೆಗೆ ಹೋದ ಕಕಾರಕ್ಕೆ ತನ್ನ ನೆರೆಹೊರೆಯೇ ಗತಿ. ನೆರೆಯಲ್ಲಿ ‘ಒ’ ಇದ್ದರೆ ಅದು ಕಕಾರವಾಗಿಯೇ ಇರುತ್ತದೆ. ‘ಇ’ ಅಥವಾ ‘ಎ’ ಬಂದರೆ ಚಕಾರವಾಗಿಬಿಡುತ್ತದೆ. ನಾನು ಅನುವಾದಿಸುತ್ತೇನೆ, ‘ತ್ರದೂಕೊ’. ನೀನು ಅನುವಾದಿಸುತ್ತೀಯೆ, ‘ತ್ರದೂಚಿ’. ಧಾತುವನ್ನು ಕೆಡದಂತೆ ಕಾಯುವುದು ನಾಲಿಗೆಯ ಕೆಲಸವಲ್ಲ. ನಮ್ಮಲ್ಲಿಯೂ ಹಾಗೆಯೇ. ‘ಮಾಡಿದ’ ಎಂಬುದನ್ನು ವ್ಯಾಕರಣದ ಗಂಟೆಯಲ್ಲಿ ‘ಮಾಡು’ ಎಂಬ ಧಾತುವಾಗಿಯೂ ‘ಇದ’ ಎಂಬ ಪ್ರತ್ಯಯವಾಗಿಯೂ ಬಿಡಿಸಿದ ಹುಡುಗನೇ ಆಟದ ಬಯಲಿನಲ್ಲಿ ‘ಮಾ-ಡಿ-ದ’ ಎಂದು ಕೂಗುತ್ತಾನೆ.

ಹಾಗಾದರೆ ನನ್ನ ನಿಘಂಟಿನಲ್ಲಿ ‘ತ್ರದೂಚೆರೆ’ ಏಕೆ ಇರಲಿಲ್ಲ? ಒಂದು ಕಾಲದಲ್ಲಿ ಅದೇ ಮೂಲರೂಪ. ‘ದೂ’ ಎಂಬಲ್ಲಿ ಸ್ವರಾಘಾತ, ಅಂದರೆ ಧ್ವನಿಯ ಪೆಟ್ಟು, ಬಿದ್ದು ಅದರ ಮುಂದಿನ ಎಕಾರ ನಿತ್ರಾಣವಾಗಿ ಬಿದ್ದುಹೋಯಿತು. ನಡುವಿನ ಸ್ವರ ಬಿದ್ದ ಮೇಲೆ ಎರಡು ವ್ಯಂಜನಗಳು ಮೈಗೆ ಮೈ ತಾಗಿ, ಹಿಂದಿನದು ಮುಂದಿನ ರಕಾರದ ರೂಪವನ್ನೇ ತಾಳಿತು. ನಾಲ್ಕು ಉಚ್ಚಾರಾಂಶಗಳು ಮೂರಾದುವು. ‘ಇಡು’ ಎಂಬ ಅರ್ಥದ ‘ಪೋನೆರೆ’ ‘ಪೊರ್ರೆ’ಯಾದದ್ದೂ, ‘ಎಳೆ’ ಎಂಬ ಅರ್ಥದ ಲ್ಯಾಟಿನ್ ‘ತ್ರಹೆರೆ’ ‘ತ್ರರ್ರೆ’ಯಾದದ್ದೂ ಹೀಗೆಯೇ. ಆದರೆ ಹಳೆಯ ಮನೆಯ ಗುರುತು ಅಳಿಸಿಲ್ಲ. ‘ಅನುವಾದಿಸುತ್ತಾ’ ಎನ್ನಬೇಕಾದಾಗ ‘ತ್ರದುಚೆಂದೊ’ ಎಂದು ಆ ಚಕಾರ ಮತ್ತೆ ಇಣುಕುತ್ತದೆ; ‘ಇಡುತ್ತೇನೆ’ ಎನ್ನುವ ‘ಪೊಂಗೊ’ದಲ್ಲಿ ಹಳೆಯ ನಕಾರ ತಲೆಯೆತ್ತುತ್ತದೆ.

ಕನ್ನಡಿಗನಿಗೆ ಇದು ಅಪರಿಚಿತವೆ? ಪುಸ್ತಕದಲ್ಲಿ ‘ಬ-ರು-ತ್ತಾ-ನೆ’ ಎಂದು ನಾಲ್ಕಾಗಿರುವುದನ್ನು ಬಾಯಲ್ಲಿ ‘ಬರ್-ತಾ-ನೆ’ ಎಂದು ಮೂರು ಮಾಡುವವರೇ ನಾವೆಲ್ಲ. ಹಳಗನ್ನಡದ ‘ಇರ್ದಂ’ ನಮ್ಮ ಕಾಲಕ್ಕೆ ‘ಇದ್ದನು’ ಆಗುವಾಗ ರಕಾರವು ದಕಾರದಲ್ಲಿ ಕರಗಿತು. ‘ಕೊಲ್’ ಎಂಬುದು ‘ಕೊಂದ’ ಆಗಿ, ‘ನಿಲ್’ ಎಂಬುದು ‘ನಿಂತ’ ಆಗಿ ಧಾತು ಗುರುತು ಸಿಗದಂತೆ ಮಾರ್ಪಟ್ಟದ್ದಕ್ಕೆ ಕನ್ನಡ ಕಲಿಯುವ ಪರಭಾಷೆಯವರು ನಮ್ಮ ನಿಘಂಟುಗಳನ್ನೂ ನಾನು ಬೈದಂತೆಯೇ ಬೈದಿರಬೇಕು.

‘ಪೊರ್ರೆ’ಯ ಕುಟುಂಬದಲ್ಲಿ ಸಂಧಿಯ ಸೊಗಸು ಹೆಚ್ಚು. ಎದುರಿಗೆ ಇಟ್ಟರೆ ‘ಒಬ್’ ಎಂಬ ಉಪಸರ್ಗ ಸೇರಿ ‘ಒಪ್ಪೊರ್ರೆ’, ವಿರೋಧಿಸುವುದು; ಕೆಳಗೆ ಇಟ್ಟರೆ ‘ಸುಬ್’ ಸೇರಿ ‘ಸುಪ್ಪೊರ್ರೆ’, ಊಹಿಸುವುದು. ಬಕಾರವು ಮುಂದಿನ ಪಕಾರವೇ ಆಗಿ ಹೋಗಿದೆ. ಸತ್ ಎಂಬುದರ ಮುಂದೆ ಜನ ಬಂದು ಸಜ್ಜನನಾದಂತೆ, ಉತ್ ಎಂಬುದರ ಮುಂದೆ ಲಾಸ ಬಂದು ಉಲ್ಲಾಸವಾದಂತೆ. ‘ಜೊತೆ’ ಎಂಬ ಅರ್ಥದ ಉಪಸರ್ಗವೊಂದೇ ‘ಕೊನ್-ದುರ್-ರೆ’ಯಲ್ಲಿ ನಕಾರಾಂತ, ‘ಕೊಮ್-ಪೊರ್-ರೆ’ಯಲ್ಲಿ ಮಕಾರಾಂತ. ನಮ್ಮ ‘ಸಂತೋಷ’ದಲ್ಲಿಯೂ ‘ಸಂಪುಟ’ದಲ್ಲಿಯೂ ನಡೆಯುವುದು ಇದೇ, ಆದರೆ ನಾವು ಎರಡಕ್ಕೂ ಒಂದೇ ಸೊನ್ನೆಯನ್ನಿಟ್ಟು ಕೆಲಸ ಮುಗಿಸುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಇಟಾಲಿಯನ್ನರಿಗೆ ಸೊನ್ನೆಯ ಸೌಕರ್ಯವಿಲ್ಲ, ಕಿವಿ ಕೇಳಿದ್ದನ್ನೇ ಬರೆಯಬೇಕು.

ಇಲ್ಲಿಯವರೆಗೆ ನನ್ನ ದಾರಿ ಸುಗಮವಾಗಿಯೇ ಇತ್ತು. ಎಡವಿದ್ದು ಸಕಾರದಲ್ಲಿ. ಸಕಾರದ ಮುಂದೆ ಬೇರೆ ವ್ಯಂಜನ ಬಂದರೆ ಸೀಳಬಾರದು, ಎರಡೂ ಮುಂದಿನ ಉಚ್ಚಾರಾಂಶಕ್ಕೆ ಸೇರುತ್ತವೆ ಎಂದು ವ್ಯಾಕರಣದ ವಿಧಿ. ‘ಹೊರಗೆ ಇಡು’, ಅಂದರೆ ಪ್ರದರ್ಶಿಸು ಎಂಬ ಪದ ‘ಎ-ಸ್ಪೊರ್-ರೆ’. ‘ದಿಸ್’ ಎಂಬ ಉಪಸರ್ಗ ಸೇರಿದ ‘ದಿ-ಸ್ಪೊರ್-ರೆ’, ಜೋಡಿಸುವುದು. ‘ಪೊರ್ತಾರೆ’ ಎಂಬ ಹೊರುವ ಧಾತುವಿಗೆ ‘ತ್ರಸ್’ ಸೇರಿದರೆ ‘ತ್ರ-ಸ್ಪೊರ್-ತಾ-ರೆ’, ಸಾಗಿಸುವುದು. ಉಪಸರ್ಗದ ಬಾಲವಾದ ಸಕಾರ ತನ್ನ ಮನೆಯನ್ನು ಬಿಟ್ಟು ಧಾತುವಿನ ತೊಡೆಯೇರಿ ಕುಳಿತಿದೆ. ಇನ್ನು ‘ಬರೆ’ ಎಂಬ ಅರ್ಥದ ‘ಸ್ಕ್ರೀವೆರೆ’ ಧಾತುವನ್ನು ತೆಗೆದುಕೊಂಡರೆ, ‘ನಕಲು ಬರೆ’ ಎನ್ನುವುದಕ್ಕೆ ‘ತ್ರ-ಸ್ಕ್ರೀ-ವೆ-ರೆ’. ಅಲ್ಲಿರುವ ಒಂದು ಸಕಾರ ಉಪಸರ್ಗದ್ದೋ ಧಾತುವಿನದೋ ಹೇಳಬಲ್ಲವರು ಯಾರು?

ಈ ನಿಯಮವನ್ನು ಕಂಡು ನನಗೆ ಸಂತೋಷವೇ ಆಯಿತು. ಏಕೆಂದರೆ ಇದು ನಮ್ಮ ಬರವಣಿಗೆಯ ಕ್ರಮವೇ! ನಾವು ಒತ್ತಕ್ಷರವನ್ನೆಲ್ಲ ಮುಂದಿನ ಸ್ವರಕ್ಕೆ ಸೇರಿಸಿ ಬರೆಯುವವರಲ್ಲವೆ? ‘ಪುಸ್ತಕ’ವನ್ನು ‘ಪು-ಸ್ತ-ಕ’ ಎನ್ನುತ್ತೇವೆ. ಈ ಸಂತೋಷವನ್ನು ನನಗೆ ಉಚ್ಚಾರಣೆ ಹೇಳಿಕೊಡುತ್ತಿದ್ದ ಹಿರಿಯರೊಬ್ಬರಲ್ಲಿ ಹಂಚಿಕೊಂಡೆ. ಅವರು ಮಂಗಳೂರಿನ ಕಡೆಯ ಪಾದ್ರಿಗಳು, ಹಲವು ವರ್ಷ ರೋಮಿನಲ್ಲಿದ್ದು ಓದಿ ಬಂದವರು. ಅವರು ನಗುತ್ತಾ, “ಮೇಷ್ಟ್ರೇ, ಪುಸ್ತಕ ಮುಚ್ಚಿಡಿ. ಸ್ವಲ್ಪ ಕಿವಿ ಕೊಡಿ” ಎಂದು ಎರಡು ಪದಗಳನ್ನು ಉಚ್ಚರಿಸಿದರು. ಒಂದು ‘ಪಾದ್ರೆ’, ತಂದೆ. ನಾವು ಅವರನ್ನು ಕರೆಯುವ ‘ಪಾದ್ರಿ’ ಎಂಬ ಪದ ಇದರದೇ ಪೋರ್ಚುಗೀಸ್ ಸೋದರನಿಂದ ಬಂದದ್ದು. ಇನ್ನೊಂದು, ಈಗ ನಮ್ಮ ಊರುಗಳ ಹೋಟೆಲಿನ ತಿಂಡಿಪಟ್ಟಿಯಲ್ಲಿಯೂ ಕಾಣಿಸುವ ‘ಪಾಸ್ತಾ’. ಆದರೆ ಅವರು ಹೇಳಿದ್ದು ‘ಪಾಸ್ತಾ’ ಎಂದಲ್ಲ, ‘ಪಸ್ತ’ ಎಂದು.

“ಎರಡರಲ್ಲೂ ಮೊದಲ ಅಕಾರದ ಮೇಲೇ ಪೆಟ್ಟು. ಒಂದರಲ್ಲಿ ದೀರ್ಘವಾಗುತ್ತದೆ, ಇನ್ನೊಂದರಲ್ಲಿ ಆಗುವುದಿಲ್ಲ. ಯಾಕೆ ಹೇಳಿ?”

ನಾನು ಹೇಳಲಾರದೆ ಹೋದೆ. ಅವರು ವಿವರಿಸಿದ ಸಂಗತಿ ಹೀಗಿದೆ. ಇಟಾಲಿಯನ್ನಿನಲ್ಲಿ ಆಘಾತ ಬೀಳುವ ಉಚ್ಚಾರಾಂಶಕ್ಕೆ ಭಾರ ಬೇಕು. ಪದದ ನಡುವೆ ಅದು ಸ್ವರದಲ್ಲಿಯೇ ಮುಗಿದರೆ ಸ್ವರ ತಾನೇ ಎಳೆದುಕೊಂಡು ದೀರ್ಘವಾಗುತ್ತದೆ: ತ್ರ-ದೂ-ಕೊ. ವ್ಯಂಜನವೊಂದು ಹಿಂದೆ ನಿಂತು ಬಾಗಿಲು ಮುಚ್ಚಿದರೆ ಆ ವ್ಯಂಜನವೇ ಭಾರವಾಗುತ್ತದೆ. ಸ್ವರ ಹ್ರಸ್ವವಾಗಿಯೇ ಉಳಿಯುತ್ತದೆ: ತ್ರ-ದುರ್-ರೆ. ‘ಪಾ-ದ್ರೆ’ಯಲ್ಲಿ ದಕಾರ ರಕಾರಗಳೆರಡೂ ಮುಂದಕ್ಕೆ ಹೋದುದರಿಂದ ಅಕಾರ ದೀರ್ಘವಾಯಿತು. ‘ಪಸ್ತ’ದಲ್ಲಿಯೂ ವ್ಯಾಕರಣದ ವಿಧಿಯಂತೆ ಸಕಾರ ಮುಂದಕ್ಕೆ ಹೋಗಿದ್ದರೆ ‘ಪಾ-ಸ್ತ’ ಆಗಬೇಕಿತ್ತು. ಆಗಲಿಲ್ಲ. ಆದ್ದರಿಂದ ಬರೆಯುವ ಕೈ ಏನೇ ಹೇಳಲಿ, ನುಡಿಯುವ ಬಾಯಲ್ಲಿ ಆ ಸಕಾರ ಹಿಂದೆಯೇ ನಿಂತಿದೆ: ಪಸ್-ತ. ಇಂದಿನ ಧ್ವನಿಶಾಸ್ತ್ರಜ್ಞರಲ್ಲಿ ಹಲವರ ಮತವೂ ಇದೇ.

ಅದಕ್ಕೆ ಇನ್ನೂ ಎರಡು ಸಾಕ್ಷಿಗಳನ್ನು ಅವರು ಕೊಟ್ಟರು. ಪುಲ್ಲಿಂಗ ನಾಮಪದದ ಹಿಂದೆ ಇಟಾಲಿಯನ್ನರು ‘ಇಲ್’ ಎಂಬ ಉಪಪದವನ್ನು ಹಚ್ಚುತ್ತಾರೆ: ‘ಇಲ್ ಪಾದ್ರೆ’. ಆದರೆ ವಿದ್ಯಾರ್ಥಿ ಎಂಬ ‘ಸ್ತುದೆಂತೆ’ಯ ಹಿಂದೆ ‘ಇಲ್’ ಬಾರದೆ ‘ಲೊ’ ಬರುತ್ತದೆ: ‘ಲೊ ಸ್ತುದೆಂತೆ’. ಸಕಾರಕ್ಕೆ ಹಿಂದೆ ಒರಗಲು ಒಂದು ಸ್ವರ ಬೇಕು. ಗೋಡೆಯಿಲ್ಲದೆ ಅದು ನಿಲ್ಲದು. ಹಿಂದೆ ಸ್ವರವೇ ಇಲ್ಲದಿದ್ದಾಗ ಹಳಬರು ಒಂದು ಇಕಾರವನ್ನು ತಾವೇ ತಂದು ನಿಲ್ಲಿಸುತ್ತಿದ್ದರು. ಬರೆದದ್ದು ‘ಸ್ಕ್ರಿತ್ತೊ’, ಆದರೆ ‘ಬರಹದ ಮೂಲಕ’ ಎನ್ನುವಾಗ ಇಂದಿಗೂ ‘ಪೆರ್ ಇಸ್ಕ್ರಿತ್ತೊ’. ಇದನ್ನು ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. “ಫಾದರ್, ನಮ್ಮ ಅಜ್ಜಿ ನನ್ನನ್ನು ಇಸ್ಕೂಲಿಗೆ ಕಳಿಸುತ್ತಿದ್ದರು” ಎಂದೆ. ಹಳ್ಳಿಯವರು ಇಂಗ್ಲಿಷನ್ನು ಕೆಡಿಸುತ್ತಾರೆಂದು ನಾವು ಓದಿದವರು ನಗುತ್ತಿದ್ದ ಆ ‘ಇಸ್ಕೂಲು’, ‘ಇಸ್ಟೇಷನ್ನು’ಗಳಿಗೆ ತಸ್ಕನಿಯ ಪಂಡಿತರ ಸಮ್ಮತಿಯಿತ್ತು!

ಆ ಸಂಜೆ ಮನೆಗೆ ನಡೆದು ಬರುವಾಗ ನಗು ಇಳಿದುಹೋಯಿತು. ‘ನಿಶ್-ಶಬ್-ದ’ ನೆನಪಾಯಿತು. ಆ ಹುಡುಗಿ ಮಾಡಿದ್ದು ಇದನ್ನೇ ಅಲ್ಲವೆ? ಆಕೆ ಲಿಪಿಯನ್ನು ಬಿಡಿಸಲಿಲ್ಲ, ಕಿವಿಗೆ ಕೇಳಿಸಿದ್ದನ್ನು ಬಿಡಿಸಿದ್ದಳು. ಒತ್ತಕ್ಷರದ ಮೊದಲ ವ್ಯಂಜನ ಕಾಗದದ ಮೇಲೆ ಮುಂದಿನ ಅಕ್ಷರದ ಜೊತೆಗಿದ್ದರೂ ಬಾಯಲ್ಲಿ ಹಿಂದಿನ ಸ್ವರದ ಜೊತೆಯೇ ಇರುತ್ತದೆ. ಹಿಂದಿನದು ಗುರುವಾಗುವುದು ಅದರಿಂದ. ‘ನಿಶ್’ ಭಾರ, ‘ಶಬ್’ ಭಾರ, ‘ದ’ ಹಗುರ. ಆಕೆಯ ಪ್ರಶ್ನೆಗೆ ಉತ್ತರ ಆಕೆಯದೇ ಪತ್ರಿಕೆಯಲ್ಲಿತ್ತು. ಅದರ ಮೇಲೆಯೇ ನಾನು ಕೆಂಪು ಗೆರೆಯೆಳೆದಿದ್ದೆ.

ಎಲ್ಲ ಕಡೆಯೂ ಇಟಾಲಿಯನ್ನೂ ಕನ್ನಡವೂ ಸರಿಹೊಂದುತ್ತವೆಂದು ಭ್ರಮಿಸಬಾರದು. ‘ರಿ-ಪ್ರೊ-ದುರ್-ರೆ’ಯಲ್ಲಿ ‘ಪ್ರೊ’ದ ಹಿಂದಿನ ‘ರಿ’ ಅವರಿಗೆ ಹಗುರ. ‘ವಿಪ್ರ’ನ ‘ವಿ’ ನಮಗೆ ಗುರು. ನಮ್ಮಲ್ಲಿಯೂ ಒತ್ತನ್ನು ತೇಲಿಸಿ ನುಡಿದು ಹಿಂದಿನದನ್ನು ಲಘುವಾಗಿಯೇ ಉಳಿಸುವ ಶಿಥಿಲದ್ವಿತ್ವವೆಂಬುದುಂಟು. ಕೇಶಿರಾಜ ಅದನ್ನು ಹೇಳಿದ್ದಾನೆ. ಆದರೆ ಅದರ ಲಕ್ಷ್ಯಗಳೇ ಬೇರೆ. ಇಮ್ಮಡಿ ವ್ಯಂಜನದಲ್ಲಿ ಮಾತ್ರ ನಾವಿಬ್ಬರೂ ನೆಂಟರು. ‘ಕಾರೊ’ ಎಂದರೆ ಪ್ರಿಯ, ‘ಕರ್ರೊ’ ಎಂದರೆ ಗಾಡಿ. ‘ನೋನೊ’ ಎಂದರೆ ಒಂಬತ್ತನೆಯವನು, ‘ನೊನ್ನೊ’ ಎಂದರೆ ಅಜ್ಜ. ಇಂಗ್ಲಿಷ್ ಮಾತಾಡುವವರು ಇವುಗಳ ಭೇದವನ್ನು ನಾಲಿಗೆಗೆ ತಂದುಕೊಳ್ಳಲು ಬೆವರು ಸುರಿಸುತ್ತಾರೆ. ‘ಮಗ’ನಿಗೂ ‘ಮಗ್ಗ’ಕ್ಕೂ, ‘ಕತೆ’ಗೂ ‘ಕತ್ತೆ’ಗೂ ಇರುವ ಅಂತರವನ್ನು ತೊಟ್ಟಿಲಲ್ಲೇ ಕಲಿತವರಿಗೆ ಆ ಕಷ್ಟವಿಲ್ಲ.

ಇನ್ನು ನನ್ನ ದಾಂತೆಯ ಗತಿ. ಆತನ ಮಹಾಕಾವ್ಯದಲ್ಲಿ ನೂರು ಸರ್ಗಗಳು, 14,233 ಸಾಲುಗಳು. ಪ್ರತಿ ಸಾಲಿಗೂ ಹನ್ನೊಂದು ಉಚ್ಚಾರಾಂಶಗಳೆಂದು ಶಾಸ್ತ್ರ. ನಾನು ಬೆರಳು ಮಡಿಸಿ ಎಣಿಸಿದಾಗ ಒಂದರಲ್ಲಿ ಹದಿಮೂರು, ಇನ್ನೊಂದರಲ್ಲಿ ಹದಿನಾಲ್ಕು. ಮಹಾಕವಿಗಳು ನಿರಂಕುಶರೆಂದು ತಿಳಿದು, ನಾನೂ ಲಲಿತರಗಳೆಯಲ್ಲಿ ಮಾತ್ರೆಗಳನ್ನು ಅಲ್ಲಲ್ಲಿ ಸಡಿಲ ಬಿಟ್ಟು ಒಂದು ಸರ್ಗವನ್ನು ಮುಗಿಸಿದೆ. ‘ಕವಿಯ ಛಂದಃಸ್ವಾತಂತ್ರ್ಯ’ ಎಂದು ಆರು ಪುಟಗಳ ಮುನ್ನುಡಿಯನ್ನೂ ಬರೆದೆ. ಪಾದ್ರಿಗಳು ಅದನ್ನು ಓದಿ ಏನೂ ಹೇಳದೆ, ಒಂದು ಚೀಟಿಯ ಮೇಲೆ ‘ಪ್ರೀತಿ ಮತ್ತು ಬಾಳು’ ಎಂಬರ್ಥದ ಮೂರು ಪದಗಳನ್ನು ಬರೆದು ಎಣಿಸಲು ಹೇಳಿದರು: ‘ಅಮೋರೆ ಎ ವೀತ’. ಅ-ಮೋ-ರೆ-ಎ-ವೀ-ತ, ಆರು ಎಂದೆ. ಐದು ಎಂದರು. ಒಂದು ಪದ ಸ್ವರದಲ್ಲಿ ಮುಗಿದು ಮುಂದಿನದು ಸ್ವರದಲ್ಲಿ ತೊಡಗಿದರೆ ಪದ್ಯದಲ್ಲಿ ಅವೆರಡೂ ಸಾಮಾನ್ಯವಾಗಿ ಒಂದೇ ಉಚ್ಚಾರಾಂಶ. ನಮ್ಮ ಲೋಪಸಂಧಿಯೇ, ಆದರೆ ನಾವು ಲೋಪವಾದದ್ದನ್ನು ಬರೆಯುವುದಿಲ್ಲ, ಅವರು ಎರಡನ್ನೂ ಬರೆದಿಟ್ಟು ಕಿವಿಗೆ ಒಂದನ್ನು ಮಾಡಿಕೊಳ್ಳಲು ಬಿಡುತ್ತಾರೆ. ಹಾಗೆ ಎಣಿಸಿದ ಮೇಲೆ ದಾಂತೆಯ ಸಾಲುಗಳು ಒಂದೊಂದಾಗಿ ಹನ್ನೊಂದಕ್ಕೆ ಬಂದು ನಿಂತುವು. ಸ್ವಾತಂತ್ರ್ಯ ಅವನದಾಗಿರಲಿಲ್ಲ, ಕಿವುಡು ನನ್ನದಾಗಿತ್ತು.

ಇದರಲ್ಲಿ ಇನ್ನೂ ಒಂದು ನವುರಿದೆ. ಎಣಿಕೆಗಿಂತ ಮುಖ್ಯವಾದದ್ದು, ಕೊನೆಯ ಆಘಾತ ಹತ್ತನೆಯ ಉಚ್ಚಾರಾಂಶದ ಮೇಲೆ ಬೀಳುವುದು. ಸಾಲಿನ ಕೊನೆಯ ಪದಕ್ಕೆ ಉಪಾಂತ್ಯದಲ್ಲಿ ಆಘಾತವಿದ್ದರೆ ಅದು ‘ಪಿಯಾನ’, ಸಮತಟ್ಟಿನ ಪದ. ಆಗ ಸಾಲು ಹನ್ನೊಂದು. ಕಟ್ಟಕಡೆಯಲ್ಲಿದ್ದರೆ ‘ತ್ರೊಂಕ’, ಕಡಿದ ಪದ, ಸಾಲು ಹತ್ತು. ಕೊನೆಯಿಂದ ಮೂರನೆಯದರ ಮೇಲಿದ್ದರೆ ‘ಸ್ದ್ರುಚ್ಚೊಲ’, ಅಂದರೆ ಜಾರುವ ಪದ, ಸಾಲು ಹನ್ನೆರಡು. ಮೂರಕ್ಕೂ ಹೆಸರು ಮಾತ್ರ ‘ಹನ್ನೊಂದರ ಸಾಲು’. ಹಳೆಯ ‘ತ್ರ-ದೂ-ಚೆ-ರೆ’ ಜಾರುವ ಪದ. ಜಾರಿ ಜಾರಿ ಇಂದಿನ ‘ತ್ರ-ದುರ್-ರೆ’ಯ ಸಮತಟ್ಟಿಗೆ ಬಂದು ಕುಳಿತಿದೆ. ಅವರು ಅನುವಾದಿಸುತ್ತಾರೆ ಎಂಬ ‘ತ್ರ-ದೂ-ಕೊ-ನೊ’ ಮಾತ್ರ ಈಗಲೂ ಜಾರುತ್ತಿದೆ.

ದಾಂತೆ ಸ್ವತಃ ಇಂಥ ಲೆಕ್ಕಗಳಲ್ಲಿ ಅತಿ ನಿಷ್ಠುರ. ದೇಶಭಾಷೆಯ ಕವಿತೆಯನ್ನು ಕುರಿತು 14ನೆಯ ಶತಮಾನದ ಮೊದಲ ವರ್ಷಗಳಲ್ಲಿ ಲ್ಯಾಟಿನ್ನಿನಲ್ಲಿ ಬರೆದು ಅರ್ಧಕ್ಕೆ ಬಿಟ್ಟ ಗ್ರಂಥದಲ್ಲಿ ಅವನು ಪದಗಳನ್ನು ಬಾಚಿದ ತಲೆಗೂದಲಂಥವು, ಕೆದರಿದ ಕೂದಲಂಥವು ಎಂದು ವಿಂಗಡಿಸುತ್ತಾನೆ. ಮೂರು ಉಚ್ಚಾರಾಂಶಗಳದೋ ಅದರ ಆಸುಪಾಸಿನದೋ ಆಗಿರಬೇಕು, ರಕಾರ ಲಕಾರಗಳಂಥ ದ್ರವ ವ್ಯಂಜನಗಳು ಇಮ್ಮಡಿಸಿರಬಾರದು, ಎಂಬಿವು ಬಾಚಿದ ಪದದ ಲಕ್ಷಣಗಳಲ್ಲಿ ಕೆಲವು. ಈ ಅಳತೆಯಿಂದ ನೋಡಿದರೆ ನಮ್ಮ ‘ತ್ರದುರ್ರೆ’ ಮೂರು ಉಚ್ಚಾರಾಂಶಗಳದೇನೋ ಹೌದು, ಆದರೆ ಇಮ್ಮಡಿ ರಕಾರದಿಂದಾಗಿ ತಲೆ ಕೆದರಿಕೊಂಡೇ ಇದೆ. ಅನುವಾದವೆಂಬುದು ಬಾಚಣಿಗೆಗೆ ಬಗ್ಗದ ಕೆಲಸವೆಂದು ನನ್ನ ಆ ಹಸ್ತಪ್ರತಿಯೂ ಹೇಳುತ್ತದೆ. ಮುನ್ನುಡಿಯನ್ನು ಹರಿದು ಹಾಕಿದ್ದೇನೆ. ಸರ್ಗವನ್ನು ಹರಿಯಲು ಮನಸ್ಸು ಬಂದಿಲ್ಲ. ಈಗ ಮತ್ತೆ ಮೊದಲ ಸಾಲಿನಿಂದ, ಬಾಯಿ ಬಿಟ್ಟು ಓದಿಕೊಳ್ಳುತ್ತಾ ತಿದ್ದುತ್ತಿದ್ದೇನೆ.

ಅನುವಾದಕನೆಂದರೆ ದ್ರೋಹಿ ಎಂದು ಇಟಾಲಿಯನ್ನರಲ್ಲಿ ಒಂದು ಗಾದೆಯಿದೆ: ‘ತ್ರದುತ್ತೋರೆ, ತ್ರದಿತೋರೆ’. ಕಿವಿಗೆ ಇವು ಅಣ್ಣತಮ್ಮಂದಿರಂತೆ ಕೇಳುತ್ತವೆ. ತ್ರ-ದುತ್-ತೋ-ರೆ, ತ್ರ-ದಿ-ತೋ-ರೆ, ಎರಡರಲ್ಲಿಯೂ ನಾಲ್ಕೇ ಅಂಶಗಳು. ಆದರೆ ಮೊದಲನೆಯದು ‘ಒಯ್ಯು’ ಎಂಬ ಧಾತುವಿನದು, ಎರಡನೆಯದು ‘ಕೊಡು’ ಎಂಬ ಧಾತುವಿನದು: ತನ್ನವರನ್ನು ಶತ್ರುವಿನ ಕೈಗೆ ಕೊಟ್ಟವನು. ಎರಡಕ್ಕೂ ಸಮಾನವಾದದ್ದು ‘ಆಚೆಗೆ’ ಎಂಬ ಉಪಸರ್ಗವೊಂದೇ. ನಡುವೆ ಭೇದವನ್ನು ಕಾಯುತ್ತಿರುವುದು ಒಂದು ಸ್ವರ, ಮತ್ತು ಬಾಗಿಲು ಮುಚ್ಚಿಕೊಂಡು ನಿಂತ ಒಂದು ತಕಾರ.

ಈಚೆಗೆ ನಾನು ಛಂದಸ್ಸಿನ ಮೊದಲ ದಿನ ಪ್ರಸ್ತಾರದ ಗೆರೆಗಳನ್ನು ಎಳೆಯುವುದಿಲ್ಲ. ಕರಿಹಲಗೆಯ ಮೇಲೆ ‘ಕತೆ’, ‘ಕತ್ತೆ’ ಎಂದು ಬರೆದು, ಎರಡನೆಯದನ್ನು ಅರ್ಧದಲ್ಲಿ ನಿಲ್ಲಿಸಿ ಹೇಳಿರೆನ್ನುತ್ತೇನೆ. ಅರವತ್ತು ಹುಡುಗ ಹುಡುಗಿಯರು ‘ಕತ್’ ಎಂದು ನಾಲಿಗೆಯನ್ನು ಹಲ್ಲಿಗೆ ಹಚ್ಚಿ ನಿಲ್ಲುತ್ತಾರೆ. ತಕಾರ ಎಲ್ಲಿದೆಯೆಂದು ಆಗ ಯಾರಿಗೂ ಹೇಳಬೇಕಾಗುವುದಿಲ್ಲ. ಅಕ್ಷರ ವಿಭಾಗವನ್ನು ಲಿಪಿಯಂತೆ ಬಿಡಿಸಿದವರಿಗೂ ಕಿವಿಯಂತೆ ಬಿಡಿಸಿದವರಿಗೂ ಪೂರ್ಣ ಅಂಕ ಕೊಡುತ್ತೇನೆ. ಯಾವುದನ್ನು ಬಿಡಿಸಿದ್ದೇವೆಂದು ಒಂದು ಮಾತು ಬರೆದಿರಬೇಕು, ಅಷ್ಟೆ.

ಕಳೆದ ವೈಶಾಖದಲ್ಲಿ ಒಂದು ಮದುವೆಯ ಮನೆಯಲ್ಲಿ ಆ ಹುಡುಗಿ ಸಿಕ್ಕಳು. ಈಗ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕಿ. ಊಟದ ಪಂಕ್ತಿಗೆ ಕಾಯುತ್ತಾ ಕುಳಿತಿದ್ದಾಗ ನಾನಾಗಿಯೇ ಮಾತೆತ್ತಿ, ಆ ಅರ್ಧ ಅಂಕವನ್ನು ಕಳೆದದ್ದು ನನ್ನ ತಪ್ಪೆಂದೆ. ಆಕೆಗೆ ಅಂಕದ ನೆನಪೇ ಇರಲಿಲ್ಲ. “ನಾನು ಕೇಳಿದ್ದು ನೆನಪಿದೆ ಸಾರ್” ಎಂದಳು. “ಗ್ರಂಥದಲ್ಲಿ ಹಾಗಿದೆ ಅಂತ ನೀವು ಹೇಳಿದಿರಿ. ನಮ್ಮ ಮಕ್ಕಳೂ ಅದನ್ನೇ ಕೇಳುತ್ತಾರೆ. ನಾನೂ ಅವರಿಗೆ ಹಾಗೇ ಹೇಳುತ್ತೇನೆ.”

ವಾಲಗದವರು ಅಷ್ಟು ಹೊತ್ತಿಗೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ್ದರು. “ಒಂದು ಸಲ ‘ಕತ್ತೆ’ ಅನ್ನಮ್ಮ, ನಿಧಾನವಾಗಿ” ಎಂದೆ. ಪಕ್ಕದಲ್ಲಿ ಕುಳಿತವರು ತಿರುಗಿ ನೋಡಿದರು. ಆಕೆ ಸೆರಗನ್ನು ಬಾಯಿಗೆ ಹಿಡಿದು ನಗುತ್ತಲೇ “ಕತ್” ಎಂದಳು. ಆಮೇಲೆ ನಗುವನ್ನು ನಿಲ್ಲಿಸಿ ಇನ್ನೊಂದು ಸಲ, ತನಗೆ ತಾನೇ ಎಂಬಂತೆ, “ಕತ್” ಎಂದಳು.